ಮಾತು ಫ್ರೀ

ಬೆಟಗೇರಿ ಬಸ್‌ಸ್ಟ್ಯಾಂಡಿನ ಎದುರಿಗೆ
ನನ್ನದೊಂದು ಡಬ್ಬಿ ಅಂಗಡಿ.
ಸಿಮ್ಮು, ಚಾರ್ಜರು, ರಿಚಾರ್ಜು.
ಅಪ್ಪನ ಕಾಲಕ್ಕ ಇದ ಜಾಗದಾಗ ಎಸ್‌ಟಿಡಿ ಬೂತು;
ರಾತ್ರಿ ಹನ್ನೊಂದರ ಮ್ಯಾಲ ಪಾವಲಿ ರೇಟು,
ಮಂದಿ ಚಾದರ ಹೊದ್ದು ಪಾಳಿ ಹಚ್ಚತಿದ್ರು.
ಆಗ ಮಾತಿಗೆ ಮೀಟರಿತ್ತು,
"ಆರಾಮ ಅದೀರಿ?" ಅನ್ನೂದರೊಳಗ
ಕೆಂಪು ಅಂಕಿ ಒಂದು ರೂಪಾಯಿ ದಾಟಿರತಿತ್ತು.

ಈಗ ಮಾತು ಫ್ರೀ.
ಬೋರ್ಡಿನ ಮ್ಯಾಲ ಕುಂಬಳಕಾಯಿಯಷ್ಟು ಅಕ್ಷರ.
ಕೆಳಗ, ಸಾಸಿವಿಯಷ್ಟು:
ಡಾಟಾ ದಿನಕ್ಕ ಒಂದೂವರಿ ಜಿಬಿ.

ತುಳಜನ್ನಸಾ ತಿಂಗಳಿಗೊಮ್ಮೆ ಬರತಾನ.
ಸೀರಿ ನೇಯಾಂವ, ಉಗರಿನ ಸಂದ್ಯಾಗ ಬಣ್ಣ.
ಹುಟ್ಟಿನಿಂದ ಕಿವಿ ಕೇಳೂದಿಲ್ಲ.
ಮಗ್ಗದ ಸಪ್ಪಳ ಅಂಗಾಲಿಗೆ ಗೊತ್ತಾಗತೈತಂತ.
ಅವನಾಕಿ ಅಂಬುಬಾಯಿ, ರಾಣೇಬೆನ್ನೂರಾಗ
ಬೀಜದ ಕಂಪನ್ಯಾಗ ಬೀಜ ಆರಸತಾಳ.
ಇಬ್ಬರೂ ಧಾರವಾಡದಾಗ ಒಂದ ಸಾಲಿ, ಒಂದ ಬೆಂಚು.
ದಿನಾ ಕೂಲಿಗೆ ದುಡದ ಕೈಗೋಳು
ಸಂಜೀಕ ಮಾತಿಗೆ ಕುಂದರತಾವ.

ಒಮ್ಮೆ ಪಾವತಿಯ ಬೆನ್ನಿಗೆ ಬರದು ನನ್ನ ಮುಂದ ಸರಸಿದ:
"ಮಾತು ಬ್ಯಾಡ. ಅದನ್ನ ತಗದು
ಅಷ್ಟಕ್ಕೂ ನೋಟ ಹಾಕಿ ಕೊಡು."

ಏನ ಹೇಳಲಿ?
ಉಪ್ಪಿಟ್ಟು ಒಲ್ಲೆ, ಬರೇ ಚಾ ಸಾಕಂದ್ರ
ಹೊಟೇಲಿನಾಂವ ಸುದ್ದಾ ಹೂಂ ಅಂತಾನ.
ಕಂಪನಿ ಹಂಗಲ್ಲ.
ಮೊದಲ ಮಾತು ಕೊಳ್ಳು, ಬ್ಯಾಡಾದ್ರ ಚೆಲ್ಲು,
ಆಮ್ಯಾಲ ನೋಟ, ಅದೂ ಅಳದು ಅಳದು.
ಇಲ್ಲ ಅಂತ ತಲಿ ಅಲ್ಲಾಡಿಸಿದೆ.
ಅದಕ್ಕ ಬರಹ ಬೇಕಾಗಲಿಲ್ಲ.

ಗಿರಾಕಿ ಇಲ್ಲದ ಮಧ್ಯಾಹ್ನ ಒಮ್ಮೆ ಲೆಕ್ಕ ಹಾಕಿದೆ:
ಆರು ವರ್ಷ, ಎಪ್ಪತ್ತೆರಡು ರಿಚಾರ್ಜು,
ಕೊಂಡ ಮಾತಿನಾಗ ಒಂದೂ ಆಡಿಲ್ಲ ಈ ಮನಷ್ಯಾ.
ಅವೆಲ್ಲ ಎಲ್ಲಿ ಹೋದುವು?
ಟವರಿನ ತುದಿಗೆ ಕಾಗಿ ಗೂಡು ಕಟ್ಟೇತಿ,
ಅದನ್ನ ಕೇಳಬೇಕು.

"ಚಿತ್ರ ಮಸಕು ಮಾಡ್ಕೋ, ಕಡಿಮಿ ತಿಂತೈತಿ"
ಅಂತ ಉಪಾಯ ಕಲಿಸಿದಾಂವ ನಾನ.
ಡಾಟಾ ಉಳೀತು. ಬೆರಳು ಕೂಡಿಹೋದುವು.
ಆಕಿ ನಾಕು ಅಂದದ್ದು ಎರಡಾಗಿ ಕಂಡು
ರಾಣೇಬೆನ್ನೂರ ಸ್ಟೇಶನ್ನಿನಾಗ
ಎರಡು ದಿನ ಮೊದಲ ಹೋಗಿ ಕುಂತಿದ್ದ,
ಕೈಯಾಗ ಕರದಂಟಿನ ಪಾಕೀಟು.

ಒಂದೂವರಿ ಮುಗದ ಮ್ಯಾಲ
ಹೊಸಾ ಪಾಲು ರಾತ್ರಿ ಹನ್ನೆರಡಕ್ಕ.
ಕಿವಿ ಇದ್ದವರ ಪ್ರೀತಿಗೆ ಕತ್ತಲಾದ್ರೂ ನಡೀತೈತಿ,
ಹೊದಿಕಿಯೊಳಗ ಪಿಸುಗುಡಬೌದು, ಅದೂ ಫುಕಟ್.
ಇವರಿಗೆ ಬೆಳಕ ಬೇಕು.
ಹನ್ನೆರಡು ಬಡೀತಂದ್ರ
ಮಗ್ಗದ ಮ್ಯಾಲಿನ ಟ್ಯೂಬ್‌ಲೈಟು ಹತ್ತತೈತಿ;
ಓಣಿ ಅಂತೈತಿ, "ಭಾಳ ದುಡೀತಾನಪಾ,
ಲಗ್ನ ಗೊತ್ತಾಗಿರಬೇಕು."

ಇವತ್ತ ಸಂಜೀಕ ಕರೆಂಟ್ ಹೋಗಿ ಅಂವ ಇಲ್ಲೇ ಬಂದ.
ನನ್ನ ಫೋನಿನಿಂದ ಅವನ ಫೋನಿಗೆ ದಾರಿ ಬಿಟ್ಟೆ.
ಪರದೆಯೊಳಗಿಂದ ಅಂಬುಬಾಯಿ ನನ್ನ ನೋಡಿ
ಯಾರು ಅಂತ ಕೇಳಿದಳು.
ಅಂವ ಅಂಗಡಿ ತೋರಿಸಿದ, ನನ್ನ ತೋರಿಸಿದ.
ಅವರ ಮಂದ್ಯಾಗ ಪ್ರತಿಯೊಬ್ಬರಿಗೂ ಕೈಮ್ಯಾಲ ಹೆಸರಿರತೈತಿ.
ಆಕಿ ಚೂರು ವಿಚಾರ ಮಾಡಿ ನನಗೊಂದು ಇಟ್ಟಳು:
ಎಡ ಅಂಗೈಯನ್ನ ಬಲಗೈ ಉಗರಿನಿಂದ ಕೆರದಳು,
ಹಳೇ ರಿಚಾರ್ಜ್ ಕೂಪನ್ನಿನ ಬೆಳ್ಳಿ ಬಣ್ಣ ಕೆರದಂಗ,
ಆಮ್ಯಾಲ ಬಲಗೈ ಎತ್ತಿ ಕೆನ್ನಿ ಕಡೆ ಒಯ್ದಳು,
ಮತ್ತ

ಅಲ್ಲೇ ನಿಂತಿತು ಕೈ.
ಚಕ್ರ ತಿರಗಾಕ ಹತ್ತಿತು.
ನನ್ನದೂ ಒಂದೂವರಿಯ ಪ್ಲಾನು.

ಕೆನ್ನಿಗೆ ಏನಿತ್ತೋ? ಗಲ್ಲದ ಕುಳಿಯೋ, ಮಚ್ಚಿಯೋ,
ಎಲಿ ಅಡಿಕಿಯ ಉಬ್ಬೋ?
ತುಳಜನ್ನಸಾ ನಕ್ಕ. ಹತ್ತು ಬೆರಳು, ಆಮ್ಯಾಲ ಎರಡು.

ಹನ್ನೊಂದೂ ಇಪ್ಪತ್ತು ಈಗ.
ಶಟರ್ ಅರ್ಧ ಎಳದು, ಲೈಟ್ ಹಚ್ಚಿಟ್ಟು ಕುಂತೇವಿ,
ಅಪ್ಪನ ಗಿರಾಕಿ ಹಂಗ, ಚಾದರ ಹೊದ್ದು.
ನನ್ನ ಹೆಸರಿನ ಉಳಿದರ್ಧ
ರಾಣೇಬೆನ್ನೂರಾಗೈತಿ.